ನಲ್ಲಿಯಿದ್ದ ಗಲ್ಲಿ

ಊರಿನ ಹಳೇ ನಕ್ಷೆಗೆ ಚೌಕಟ್ಟು ಹಾಕುವ ಕೆಲಸ ತನ್ನ ಅಂಗಡಿಗೇ ಬಂದಾಗ ಫ್ರೇಮಕ್ಕನಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಅಪ್ಪನ ಕಾಲದಿಂದಲೂ ಆ ಅಂಗಡಿಗೆ ಬರುತ್ತಿದ್ದದ್ದು ಮದುವೆಯಾದವರ ಫೋಟೋ, ಸತ್ತವರ ಫೋಟೋ, ಪಾಸಾದವರ ಸರ್ಟಿಫಿಕೇಟು. ಅವಕ್ಕೇ ಗಾಜು ಕೂರಿಸಿ ಕೂರಿಸಿ ಅವಳ ಕೈ ಸವೆದಿತ್ತು. ಈಗ ಇಡೀ ಊರೇ ಮೇಜಿನ ಮೇಲೆ ಬಂದು ಮಲಗಿತ್ತು. ಎರಡು ದೊಡ್ಡ ಹಾಳೆಗಳು, ಒಂದರಲ್ಲಿ ಊರಿನ ಮೂಡಣ ಅರ್ಧ, ಇನ್ನೊಂದರಲ್ಲಿ ಪಡುವಣ ಅರ್ಧ, ಎಲ್ಲವೂ ಎಪ್ಪತ್ತು ವರ್ಷದ ಹಿಂದೆ ಯಾರೋ ಕೈಯಲ್ಲೇ ಬರೆದದ್ದು.

ತಂದುಕೊಟ್ಟವರು ಹಲ್ಲು ಡಾಕ್ಟರು. ಊರಿನ ಅರ್ಧ ಜನರ ಹಲ್ಲು ಕಿತ್ತು ನಿವೃತ್ತರಾದ ಮೇಲೆ ಅದೇ ಜನರ ಬಾಯಿಂದ ಹಳೇ ನೆನಪು ಕೀಳುವ ಹುಚ್ಚು ಹಿಡಿಸಿಕೊಂಡಿದ್ದರು. ವಾಚನಾಲಯದಲ್ಲಿ ಒಂದು ಪ್ರದರ್ಶನ ಇಡಬೇಕು, ಗೋಡೆಯ ನಡುವೆ ನಕ್ಷೆ, ಸುತ್ತಲೂ ಜನ ಕೊಟ್ಟ ಹಳೇ ಫೋಟೋಗಳು, ಪ್ರತಿ ಫೋಟೋದಿಂದ ನಕ್ಷೆಯ ಮೇಲಿನ ಅದರ ಜಾಗಕ್ಕೆ ಒಂದು ಕೆಂಪು ದಾರ. ಇದು ಅವರ ಯೋಚನೆ. ಜಾಗ ಯಾವುದೆಂದು ಗೊತ್ತಾಗದ ಫೋಟೋ ಗೋಡೆ ಹತ್ತಕೂಡದು ಎಂಬುದು ಅವರ ಕಟ್ಟಪ್ಪಣೆ.

ಫ್ರೇಮಕ್ಕ ಅಪ್ಪ ಕಲಿಸಿದಂತೆ ಕೆಲಸ ಶುರು ಮಾಡಿದಳು. ಹಳೇ ಕಾಗದ ಕೆಡುವುದೇ ಅಂಚಿನಿಂದ, ಗೆದ್ದಲಿರಲಿ ತೇವವಿರಲಿ ಒಳಗೆ ಬರುವುದು ಅಂಚಿನಿಂದಲೇ, ಆದ್ದರಿಂದ ಅಂಚು ಕೊಯ್ಯದೆ ಯಾವುದನ್ನೂ ಚೌಕಟ್ಟಿಗೆ ಏರಿಸಬೇಡ ಎನ್ನುತ್ತಿದ್ದ ಅಪ್ಪ. ಎರಡು ಹಾಳೆ ಕೂಡುವ ಕಡೆ ಕಾಗದ ಕಂದಿ, ಮಡಚಿ, ಹಲ್ಲು ಹಲ್ಲಾಗಿತ್ತು. ಅವಳು ಉಕ್ಕಿನ ಪಟ್ಟಿ ಇಟ್ಟು ಎರಡೂ ಕಡೆ ಬೆರಳಗಲ ಕೊಯ್ದು ಹಾಕಿದಳು. ಜೋಡಿಸಿ ನೋಡಿದರೆ ಅಡ್ಡ ಹಾಯುವ ದೊಡ್ಡ ರಸ್ತೆಗಳೆರಡೂ ಕೂದಲೆಳೆಯಷ್ಟೂ ತಪ್ಪದೆ ಒಂದಕ್ಕೊಂದು ಸೇರಿಕೊಂಡವು. ತನ್ನ ಕೈಗೆ ತಾನೇ ಶಹಬ್ಬಾಸ್ ಹೇಳಿಕೊಂಡು, ಮೂಲೆಗಳಿಗೆ ಮಾತ್ರ ಅಂಟು ಹಚ್ಚಿ ಗಾಜು ಕೂರಿಸಿದಳು.

ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವಳ ಅಮ್ಮ ಒಬ್ಬಳೇ ಇದ್ದಳು. ತನ್ನದೇ ಒಲೆ, ತನ್ನದೇ ಬೀಗದ ಕೈ, ಯಾರ ಹಂಗೂ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ಬಂದ ಹೆಂಗಸು. ಒಂದು ಕಾಲಕ್ಕೆ ಊರವರ ನಂಬರೆಲ್ಲ ಅವಳ ನಾಲಗೆಯ ತುದಿಯಲ್ಲಿದ್ದವು. ಈಚೆಗೆ ಮಾತ್ರ ಹಾಲು ಒಲೆಯ ಮೇಲಿಟ್ಟು ಮರೆಯುವುದು, ಬಂದ ಕೆಲಸ ಮರೆತು ಮೆಟ್ಟಿಲ ನಡುವೆ ನಿಲ್ಲುವುದು ಹೆಚ್ಚಾಗಿತ್ತು. ಆದರೆ ಹಳೆಯದನ್ನು ಕೇಳಿ ನೋಡಿ, ನೆನ್ನೆ ಮೊನ್ನೆಯದರಂತೆ ಹೇಳುತ್ತಿದ್ದಳು. ಮಧ್ಯಾಹ್ನ ಅಂಗಡಿಗೆ ಇಳಿದು ಬಂದು ಮುಕ್ಕಾಲಿಯ ಮೇಲೆ ಕೂತು, ತಾನು ಹುಟ್ಟಿದ ಗಲ್ಲಿಯ ಕತೆ ತೆಗೆಯುತ್ತಿದ್ದಳು. ಕೊಡೆ ಬಿಚ್ಚಿದರೆ ಎರಡೂ ಕಡೆಯ ಗೋಡೆಗೆ ತಾಗುವಂಥ ಗಲ್ಲಿ. ಅದರ ಬಾಯಲ್ಲೇ ಒಂದು ನಲ್ಲಿ. ಮೂರನೇ ಮನೆಗೆ ಹೊರಗಡೆಯಿಂದ ಕಲ್ಲಿನ ಮೆಟ್ಟಿಲು. ಆ ಮೆಟ್ಟಿಲ ಮೇಲೆ ತಾನೂ ತನ್ನ ಪುಟ್ಟ ತಂಗಿಯೂ. ತಂಗಿ ಮಾತು ಕಲಿತು ವರ್ಷ ಕಳೆಯುವುದರೊಳಗೆ ಜ್ವರ ಬಂದು ಹೋಗಿಬಿಟ್ಟಳು. ಅವರ ಅಪ್ಪ ಅಮ್ಮ ಆ ಗಲ್ಲಿಯನ್ನೇ ಬಿಟ್ಟರು, ಮತ್ತೆ ಆ ಮಗುವಿನ ಸುದ್ದಿಯನ್ನೇ ಎತ್ತಲಿಲ್ಲ. ಅವಳನ್ನು ಕಂಡವರು ಯಾರೂ ಉಳಿದಿರಲಿಲ್ಲ, ಅಮ್ಮ ಒಬ್ಬಳನ್ನು ಬಿಟ್ಟು.

ಫ್ರೇಮಕ್ಕ ಬಾಯಲ್ಲಿ ಮೊಳೆ ಕಚ್ಚಿಕೊಂಡು ಹೂಂ ಹೂಂ ಅನ್ನುತ್ತಿದ್ದಳು. ನೂರು ಸಲ ಕೇಳಿದ ಕತೆಗೆ ಹೂಂಗುಟ್ಟುವುದಕ್ಕೆ ಕಿವಿ ಬೇಕಿಲ್ಲವಲ್ಲ.

ನಕ್ಷೆ ಸಿದ್ಧವಾದ ದಿನ ಡಾಕ್ಟರು ನೋಡಲು ಬಂದರು. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಫ್ರೇಮಕ್ಕನ ಅಣ್ಣನೂ ಅದೇ ಹೊತ್ತಿಗೆ ಬಂದಿದ್ದ. ಅಮ್ಮ ಸೆರಗಿನೊಳಗಿಂದ ಒಂದು ಫೋಟೋ ತೆಗೆದಳು. ಕಲ್ಲಿನ ಮೆಟ್ಟಿಲ ಮೇಲೆ ಕೂತ ಏಳೆಂಟು ವರ್ಷದ ಹುಡುಗಿ, ಅವಳ ತೊಡೆಯ ಮೇಲೆ ಮುಖ ಆಚೆ ತಿರುಗಿಸಿದ ಒಂದು ಮಗು.

"ಇದಕ್ಕೂ ಒಂದು ದಾರ ಕಟ್ಟಿ ಡಾಕ್ಟ್ರೇ," ಅಂದಳು.

"ಕಟ್ಟೋಣ ಅಮ್ಮಾ, ಅದಕ್ಕೇನಂತೆ. ಜಾಗ ತೋರಿಸಿ."

ಅಮ್ಮ ಗಾಜಿನ ಮೇಲೆ ಬೆರಳಿಟ್ಟು ದೊಡ್ಡ ರಸ್ತೆಯಲ್ಲಿ ಹೊರಟಳು. ಹಿಟ್ಟಿನ ಗಿರಣಿ ದಾಟಿದಳು, ಅಂಚೆ ಕಚೇರಿ ದಾಟಿದಳು, ನಿಂತಳು. ಹಿಂದೆ ಬಂದಳು. ಮತ್ತೆ ಹೊರಟಳು. "ಇಲ್ಲಿ ಒಳಗೆ ಹೋಗ್ಬೇಕು. ಬಾಯಲ್ಲೇ ನಲ್ಲಿ ಇತ್ತು. ಎಲ್ಲಿ ಹೋಯ್ತು?"

ಡಾಕ್ಟರು ಭೂತಗನ್ನಡಿ ಹಿಡಿದು ಬಗ್ಗಿದರು. "ಇಲ್ಲಿ ಮನೆಗಳು ಒಂದಕ್ಕೊಂದು ಅಂಟ್ಕೊಂಡಿವೆ ಅಮ್ಮಾ. ಒಂದು ಸಂದಿ ಕೂಡ ಕಾಣಲ್ಲ. ಬೇರೆ ಕಡೆ ಇತ್ತೇನೋ?"

"ನಾನು ಹುಟ್ಟಿದ ಜಾಗ ನಂಗೆ ಗೊತ್ತಿಲ್ವಾ?"

ಅಲ್ಲಿಗೆ ಹೋಗಿ ನೋಡೋಣವೆಂದರೆ ಆ ಬೀದಿಗಳೆಲ್ಲ ನೆಲಸಮವಾಗಿ ಬಸ್ ಡಿಪೋ ಎದ್ದು ಎಷ್ಟೋ ಕಾಲವಾಗಿತ್ತು. ಅಣ್ಣ ಫ್ರೇಮಕ್ಕನನ್ನು ಪಕ್ಕಕ್ಕೆ ಕರೆದ. "ನೋಡಿದ್ಯಾ? ನಾನು ಹೇಳಿದ್ರೆ ನಿಂಗೆ ಮೂಗಿನ ತುದೀಲಿ ಸಿಟ್ಟು. ಇಲ್ಲದ ಗಲ್ಲಿ, ಇಲ್ಲದ ತಂಗಿ. ಆ ಮಗು ಪಕ್ಕದ ಮನೇದಿರ್ಬೇಕು. ಇನ್ನು ಒಲೆ ಹಚ್ಚೋಕೆ ಬಿಟ್ರೆ ಒಂದಿನ ಮನೆಗೇ ಬೆಂಕಿ ಬೀಳುತ್ತೆ." ಅಣ್ಣನೇನು ಕೆಟ್ಟವನಲ್ಲ. ಅವನಿಗೆ ಹೆದರಿಕೆ, ಅಷ್ಟೆ.

ಅಮ್ಮ ಇನ್ನೂ ಗಾಜು ಸವರುತ್ತಲೇ ಇದ್ದಳು. ತಾನು ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸದ ಮೇಲೆ ಬೆರಳಿನ ಗುರುತು ಬೀಳುವುದನ್ನು ಕಂಡು ಫ್ರೇಮಕ್ಕನಿಗೆ ರೇಗಿತು. "ಅಮ್ಮಾ, ಸಾಕು ಬಿಡು. ಅಳತೆ ಮಾಡಿ ಬರೆದೋರಿಗೆ ನಿನ್ನ ಗಲ್ಲಿ ಮೇಲೆ ಏನು ದ್ವೇಷ? ಇದ್ದಿದ್ರೆ ಬರೀತಿದ್ರು. ನಕ್ಷೆ ಯಾಕೆ ಸುಳ್ಳು ಹೇಳುತ್ತೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಬೆರಳು ತೆಗೆದಳು. ಫೋಟೋವನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಅಣ್ಣನ ಜತೆ ಆಸ್ಪತ್ರೆಗೆ ಹೊರಟಳು. ಬರುವಾಗ ದಾರಿಯಲ್ಲೇ ಬೀಗದ ಕೈಗೊಂಚಲನ್ನು ಅವನ ಕೈಗೆ ಕೊಟ್ಟಳಂತೆ. "ನೀವೆಲ್ಲ ಹೇಳೋದೇ ಸರಿ ಇರ್ಬೇಕು" ಅಂದಳಂತೆ.

ಅಂದಿನಿಂದ ಒಲೆ ಹಚ್ಚುವವಳು ಫ್ರೇಮಕ್ಕನೇ. ಅಮ್ಮ ಕೊಟ್ಟದ್ದು ಉಂಡಳು, ಕೂರಿಸಿದ ಕಡೆ ಕೂತಳು. ಅಂಗಡಿಗೆ ಇಳಿಯುವುದು ನಿಂತಿತು. ಮುಂದಿನ ತಿಂಗಳು ಅಣ್ಣನ ಮನೆಗೆ ಹೋಗುವುದು, ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಡುವುದು ಎಂದಾದಾಗಲೂ ಕಮಕ್ ಕಿಮಕ್ ಅನ್ನಲಿಲ್ಲ. ಒಂದು ಸಂಜೆ ಫ್ರೇಮಕ್ಕನೇ ತಡೆಯಲಾರದೆ, "ಯಾಕಮ್ಮಾ, ನಿನ್ನ ತಂಗಿ ಕತೆ ಹೇಳೋದೇ ಬಿಟ್ಟೆ?" ಎಂದು ಕೇಳಿದಳು.

"ಗಲ್ಲಿನೇ ಇರ್ಲಿಲ್ಲ ಅಂದ್ಮೇಲೆ ಮಗು ಎಲ್ಲಿಂದ ಬರ್ಬೇಕು? ಯಾವುದೋ ಕನಸನ್ನ ನಿಜ ಅಂದ್ಕೊಂಡಿದ್ದೆ ಅನ್ಸುತ್ತೆ. ಈಗ ನೆನಪಾಗೋಕೆ ಬಂದ್ರೆ ತಲೆ ಕೊಡವಿ ಓಡಿಸಿಬಿಡ್ತೀನಿ. ಅಭ್ಯಾಸ ಆಯ್ತು." ಇಷ್ಟು ಹೇಳಿ ಅಮ್ಮ ನಕ್ಕಳು.

ಪ್ರದರ್ಶನಕ್ಕೆ ಮೂರು ದಿನ ಇರುವಾಗ ಅವಳು ಡಾಕ್ಟರ ಫೋಟೋಗಳಿಗೆ ಚೌಕಟ್ಟು ಹಾಕುತ್ತಿದ್ದಳು. ಒಂದರ ಗಾಜು ಸಡಿಲವಾಗಿ ಗಡಗಡ ಅನ್ನುತ್ತಿತ್ತು. ಅಂಥದ್ದಕ್ಕೆ ಸಂದಿಯಲ್ಲಿ ಒಂದು ಕಾಗದದ ಪಟ್ಟಿ ಮಡಚಿ ತುರುಕುವುದು ಎಲ್ಲ ಚೌಕಟ್ಟಿನವರೂ ಮಾಡುವ ಕೆಲಸ. ಮೇಜಿನ ಕೆಳಗೆ ಕೊಯ್ದ ಚೂರುಗಳ ಡಬ್ಬವಿತ್ತು. ಕೈ ಹಾಕಿ ಸಿಕ್ಕಿದ ಉದ್ದನೆಯ ಪಟ್ಟಿಯೊಂದನ್ನು ಮಡಚಲು ಹೋದವಳು ಅದರ ಮೇಲೆ ಸಣ್ಣದೊಂದು ನೀಲಿ ಗುರುತು ಕಂಡು ಕೈ ತಡೆದಳು. ಗುರುತಿನ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ನಲ್ಲಿ' ಎಂದು ಬರೆದಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅವಳು ಡಬ್ಬವನ್ನೇ ನೆಲಕ್ಕೆ ಸುರಿದು, ಮಂಡಿಯೂರಿ ಕೂತು, ಇನ್ನೊಂದು ಹಾಳೆಯ ಪಟ್ಟಿಯನ್ನೂ ಹುಡುಕಿದಳು. ಅದು ಮೂರು ತುಂಡಾಗಿತ್ತು. ಅಕ್ಕಪಕ್ಕ ಇಟ್ಟಳು. ಒಂದು ಪಟ್ಟಿಯಲ್ಲಿ ಒಂದು ಸಾಲು ಮನೆ, ಇನ್ನೊಂದರಲ್ಲಿ ಎದುರು ಸಾಲು, ನಡುವೆ ಕಿರುದಾರಿ. ನಕ್ಷೆ ಬರೆದವನು ಊರನ್ನು ಎರಡು ಹಾಳೆಗೆ ಹಂಚುವಾಗ ಸರಿಯಾಗಿ ಆ ಗಲ್ಲಿಯ ಮಧ್ಯಕ್ಕೇ ಗೆರೆ ಹಾಕಿದ್ದ. ಬೆರಳಗಲ ಕೊಯ್ದಾಗ ಗಲ್ಲಿಗೆ ಗಲ್ಲಿಯೇ ಹೋಗಿತ್ತು. ಅಡ್ಡ ಹಾಯುವ ರಸ್ತೆಗಳು ನೇರವಾಗಿದ್ದದ್ದರಿಂದ ಎಷ್ಟು ಕೊಯ್ದರೂ ಅವು ಕೂಡುತ್ತಲೇ ಇದ್ದವು. ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ತಾನು ಬೀಗಿದ್ದು ನೆನಪಾಗಿ ಅವಳಿಗೆ ನೆಲದ ಮೇಲೇ ಅಳು ಬಂತು.

ಪಟ್ಟಿಗಳನ್ನು ಹಿಡಿದು ಮೆಟ್ಟಿಲು ಹತ್ತಿದಳು. "ಅಮ್ಮಾ, ನಿನ್ನ ಗಲ್ಲಿ ಸಿಕ್ತು. ನಾನೇ ಕೊಯ್ದು ಹಾಕಿದ್ದೆ. ನೋಡು, ನಲ್ಲಿ ಇಲ್ಲೇ ಇದೆ."

ಅಮ್ಮ ಕನ್ನಡಕ ಏರಿಸಿ ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು, ತುಂಬ ಕನಿಕರದಿಂದ. "ನೀನೇ ಬರೆದ್ಯಾ? ನಂಗೆ ಸಮಾಧಾನ ಆಗ್ಲಿ ಅಂತ? ಬೇಡ ಕಣೇ. ಈಗ ನಾನು ಚೆನ್ನಾಗೇ ಇದೀನಿ."

ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಫ್ರೇಮಕ್ಕ ಕೆಳಗೆ ಬಂದು ಅಣ್ಣನಿಗೂ ಡಾಕ್ಟರಿಗೂ ಫೋನ್ ಮಾಡಿದಳು. ಗಾಜು ಬಿಚ್ಚಿ, ಮೂಲೆಯ ಅಂಟು ಎಬ್ಬಿಸಿ, ಪಡುವಣ ಹಾಳೆಯನ್ನು ಎರಡು ಬೆರಳು ಸರಿಸಿ, ನಡುವೆ ಪಟ್ಟಿಗಳನ್ನು ಕೂರಿಸಿದಳು. ತುಂಡಾಗಿದ್ದ ಗೋಡೆಗಳು ಗೋಡೆಗೆ ಸೇರಿದವು, ಅರ್ಧವಾಗಿದ್ದ ಹಿತ್ತಿಲುಗಳು ಪೂರ್ತಿಯಾದವು. ಡಾಕ್ಟರು ಭೂತಗನ್ನಡಿಯನ್ನು ಪಟ್ಟಿಯ ಮೇಲೂ ಹಾಳೆಯ ಮೇಲೂ ಆಡಿಸಿ, "ಒಂದೇ ಶಾಯಿ, ಒಂದೇ ಕೈ" ಅಂದರು. ಅಣ್ಣ ಮೇಲೆ ಹೋಗಿ ಅಮ್ಮನ ಕೈ ಹಿಡಿದು ಇಳಿಸಿಕೊಂಡು ಬಂದ.

ಅಮ್ಮ ಮೇಜಿನ ಮುಂದೆ ಬಂದು ನಿಂತಳು. ಗಾಜಿಲ್ಲದ ಕಾಗದದ ಮೇಲೆ ಅವಳ ಬೆರಳು ಗಿರಣಿ ದಾಟಿತು, ಅಂಚೆ ಕಚೇರಿ ದಾಟಿತು, ನಲ್ಲಿಯ ಹತ್ತಿರ ನಿಂತಿತು. ಒಳಗೆ ಹೋಯಿತು. "ಇದು ಬಳೆಯವಳ ಮನೆ. ಇದು ಸದಾ ಕೆಮ್ತಿದ್ದ ತಾತಂದು. ಇದು..." ಮೂರನೇ ಮನೆಯ ಹೊರಗೆ ಮೆಟ್ಟಿಲಿನ ನಾಲ್ಕು ಗೆರೆಗಳನ್ನು ಬರೆದವನು ಮರೆತಿರಲಿಲ್ಲ. "ಇದ್ಲು. ನನ್ನ ತಂಗಿ ಇದ್ಲು. ನಾನೇ ಅವಳನ್ನ ಓಡಿಸ್ತಿದ್ದೆನಲ್ಲೇ, ಪಾಪಿ ನಾನು."

"ನೀನಲ್ಲಮ್ಮಾ," ಅಂದಳು ಫ್ರೇಮಕ್ಕ. "ನಾನು."

ಅಣ್ಣ ಜೇಬಿನಿಂದ ಕೈಗೊಂಚಲು ತೆಗೆದು ಅಮ್ಮನ ಮುಂದೆ ಇಟ್ಟ. ಅವಳು ಅದನ್ನು ನೋಡಲೂ ಇಲ್ಲ. ಡಾಕ್ಟರು ಕಣ್ಣೊರೆಸಿಕೊಂಡು, ಮೆಟ್ಟಿಲ ಫೋಟೋ ಎತ್ತಿಕೊಂಡು, ಒಂದು ಬಿಳಿ ಚೀಟಿ ತೆಗೆದರು. "ಇದೇ ಫೋಟೋ ಗೋಡೆಯ ನಡುವೆ ಇರ್ಲಿ ಅಮ್ಮಾ. ಕೆಳಗೆ ಬರೆಯೋಕೆ ನಿಮ್ಮ ತಂಗಿ ಹೆಸರು ಹೇಳಿ."

ಅಮ್ಮ ಬಾಯಿ ತೆರೆದಳು. ಹಣೆ ಒತ್ತಿಕೊಂಡಳು. "ಒಂದು ನಿಮಿಷ," ಅಂದಳು. ಡಾಕ್ಟರು ಲೇಖನಿ ಹಿಡಿದು ಕಾದರು.

"ಮೊನ್ನೆ ಮೊನ್ನೆ ತನಕ ಇತ್ತು ಕಣೇ. ಬಾಯಲ್ಲೇ ಇತ್ತು," ಎಂದು ಮಗಳ ತೋಳು ಹಿಡಿದಳು. "ನಿಂಗೆ ಹೇಳಿದ್ದೆನಲ್ಲ? ದಿನಾ ಹೇಳ್ತಿದ್ದೆನಲ್ಲ? ಏನಂತ ಹೇಳ್ತಿದ್ದೆ?"

ಫ್ರೇಮಕ್ಕ ಅಣ್ಣನ ಕಡೆ ನೋಡಿದಳು. ಅಣ್ಣ ನೆಲ ನೋಡುತ್ತಿದ್ದ. ಅಷ್ಟು ವರ್ಷದ ಮಧ್ಯಾಹ್ನಗಳನ್ನೆಲ್ಲ ತಡಕಾಡಿದರೂ ಅವಳಿಗೆ ಸಿಕ್ಕಿದ್ದು ಅಮ್ಮನ ದನಿ, ಸುತ್ತಿಗೆಯ ಸದ್ದು, ತನ್ನ ಹೂಂ, ಇಷ್ಟೇ. ಅಮ್ಮ ಆ ಹೆಸರನ್ನು ಖಂಡಿತ ಹೇಳಿದ್ದಳು. ಇವಳು ಕೇಳಿಸಿಕೊಂಡಿರಲಿಲ್ಲ.

"ಗೊತ್ತಿಲ್ಲಮ್ಮಾ," ಅಂದಳು.

ಅಮ್ಮ ಅವಳ ತೋಳು ಬಿಟ್ಟು ಮತ್ತೆ ಮೂರನೇ ಮನೆಯ ಮೇಲೆ ಬೆರಳಿಟ್ಟಳು. ತನಗೆ ಗೊತ್ತಿದ್ದ ಹೆಣ್ಣುಮಕ್ಕಳ ಹೆಸರುಗಳನ್ನು ಒಂದೊಂದಾಗಿ ಮೆಲ್ಲಗೆ ಹೇಳತೊಡಗಿದಳು. ಒಂದು ಹೇಳುವುದು, ತುಸು ತಡೆಯುವುದು, ತಲೆಯಾಡಿಸುವುದು, ಇನ್ನೊಂದು ಹೇಳುವುದು. ಮಗಳು ಪಕ್ಕದಲ್ಲಿ ನಿಂತು ಒಂದೂ ಬಿಡದೆ ಕೇಳಿಸಿಕೊಂಡಳು. ಪ್ರತಿ ಹೆಸರಿಗೂ ಅಮ್ಮನ ಮುಖ ನೋಡಿದಳು. ಯಾವ ಹೆಸರಿಗೂ ಆ ಮುಖ ಹೌದು ಅನ್ನಲಿಲ್ಲ.