ಓವರುಗಳ ನಡುವಿನ ಹೊಲಿಗೆ

ಆ ಬೀದಿಯವರು ತೊಟ್ಟ ಅಂಗಿ, ಪ್ಯಾಂಟು, ಲಂಗಗಳಲ್ಲಿ ಅರ್ಧಕ್ಕರ್ಧ ಜಾಹೀರಾತಿನ ಹೊತ್ತಿನಲ್ಲಿ ಹೊಲಿದವು ಎಂದರೆ ಈಗ ಯಾರೂ ನಂಬಲಿಕ್ಕಿಲ್ಲ. ಅವಳ ಅಪ್ಪ ಅಲ್ಲಿ ದರ್ಜಿ. ಅಂಗಡಿ ಎಷ್ಟು ಚಿಕ್ಕದೆಂದರೆ, ಅಳತೆ ಕೊಡುವವರು ಕೈ ಚಾಚಿದರೆ ಎರಡು ಗೋಡೆಗೂ ತಾಗುತ್ತಿತ್ತು. ದಾರದ ಉಂಡೆಗಳನ್ನು ಜೋಡಿಸಿದ ಹಲಗೆಯ ಮೇಲೆ ಪುಟ್ಟದೊಂದು ಟಿವಿ. ಅಪ್ಪ ಮಶೀನು ತುಳಿದರೆ ಹಲಗೆ ನಡುಗಿ ಚಿತ್ರವೂ ನಡುಗುತ್ತಿತ್ತು, ಆ ಗಡಗಡ ಸದ್ದಿನಲ್ಲಿ ಕಾಮೆಂಟರಿ ಮುಳುಗಿಹೋಗುತ್ತಿತ್ತು. ಬಾಗಿಲಲ್ಲಿ ಗುಂಪುಗೂಡಿದವರು ಸುಮ್ಮನಿರುತ್ತಾರೆಯೇ? "ರೀ, ನಿಲ್ಸ್ರೀ!" ಎಂದು ಒಟ್ಟಿಗೇ ಕೂಗುತ್ತಿದ್ದರು. ಅಪ್ಪನಿಗೂ ಕ್ರಿಕೆಟ್ಟಿನ ಹುಚ್ಚು ಕಡಿಮೆಯದಲ್ಲ. ಕೊನೆಗೆ ಅಂಗಡಿಯಲ್ಲಿ ಒಂದು ಕಾನೂನಾಯಿತು. ಆಟ ನಡೆಯುವಾಗ ಕತ್ತರಿ, ಸೂಜಿಯ ಕೆಲಸ. ಮಶೀನಿನ ಕೆಲಸ ಜಾಹೀರಾತು ಬಂದಾಗ ಮಾತ್ರ.

ಈ ಕಾನೂನು ಜಾರಿ ಮಾಡುವ ಅಧಿಕಾರ ಎಂಟು ವರ್ಷದ ಅವಳದು. ಬಟ್ಟೆಯ ಗಂಟಿನ ಮೇಲೆ ಕೂತು, ಅಂಗಿಯ ಆರು ಗುಂಡಿ ಹಿಡಿದು, ಚೆಂಡಿಗೊಂದರಂತೆ ಬಲಗೈಯಿಂದ ಎಡಗೈಗೆ ದಾಟಿಸುತ್ತಿದ್ದಳು. ಆರೂ ದಾಟಿದ ಕೂಡಲೇ "ಓವರ್!" ಎನ್ನುವಳು; ಅಪ್ಪನ ಕಾಲು ಮಶೀನು ತುಳಿಯುವುದು. ಸೋಪು, ಸೈಕಲ್ಲು, ಆಮೇಲೆ ಟೂತ್‌ಪೇಸ್ಟು. ಟೂತ್‌ಪೇಸ್ಟಿನ ಹೆಂಗಸು ಹಲ್ಲು ಕಿರಿದಳೋ, "ಅಪ್ಪ, ಸಾಕು!" ಎಂದು ಇವಳು ಕೂಗಿದಳೋ, ಕಾಲು ನಿಂತಿತು.

ಅಂಗಡಿಯ ಲೆಕ್ಕಾಚಾರವೇ ಬೇರೆ. ಒಂದು ಬ್ರೇಕಿಗೆ ಪ್ಯಾಂಟಿನ ಒಂದು ಪಕ್ಕ, ಎರಡು ಬ್ರೇಕಿಗೆ ಒಂದು ತೋಳು. ಕಾಲರಿಗೆ ಮಾತ್ರ ವಿಕೆಟ್ಟೇ ಬೀಳಬೇಕು. ಯಾರಾದರೂ ಔಟಾದರೆ ಜಾಹೀರಾತು ಉದ್ದ ಬರುತ್ತಿತ್ತು. ಒಮ್ಮೆ ಮದುಮಗನೊಬ್ಬ ತನ್ನ ಕೋಟಿಗೆ ಕಾದು ಕೂತಿದ್ದ. ನಮ್ಮವರಿಬ್ಬರು ಆರಂಭದಿಂದ ಅಂಟಿಕೊಂಡು ನಿಂತು ಬಿಡದೆ ಚಚ್ಚುತ್ತಿದ್ದರು. ಬೀದಿಗೆ ಬೀದಿಯೇ ಕುಣಿಯುತ್ತಿದ್ದರೆ ಈ ಆಸಾಮಿ ತಲೆ ಮೇಲೆ ಕೈ ಹೊತ್ತುಕೊಂಡು, "ನಾಳೆ ನನ್ ಮದ್ವೆ ಕಣ್ರೀ! ಒಬ್ನಾದ್ರೂ ಔಟಾಗ್ಬಾರ್ದಾ?" ಅಂದುಬಿಟ್ಟ. ಏಟು ಬೀಳಲಿಲ್ಲ, ಅವನ ಪುಣ್ಯ.

ದೊಡ್ಡವಳಾದ ಮೇಲೆ ಅವಳಿಗೆ ಸಿಕ್ಕ ಕೆಲಸವನ್ನಾದರೂ ನೋಡಿ: ಟಿವಿ ಚಾನೆಲ್ಲೊಂದರಲ್ಲಿ, ಕ್ರಿಕೆಟ್ ನಡುವೆ ಜಾಹೀರಾತು ಬಿಡುವುದು! ಕಿಟಕಿಯಿಲ್ಲದ ತಣ್ಣನೆಯ ಕೋಣೆ, ಗೋಡೆ ತುಂಬ ಪರದೆಗಳು, ಎದುರಿಗೆ ಒಂದು ಕೆಂಪು ಬಟನ್. ಒತ್ತಲು ತಡವಾದರೆ ಸೋಪಿನ ಕಂಪನಿಯವರು ಹಾರಾಡುತ್ತಾರೆ, ಬೇಗ ಒತ್ತಿದರೆ ನೋಡುವವರು ಹಿಡಿಶಾಪ ಹಾಕುತ್ತಾರೆ. ಜೊತೆಯವರು ಪರದೆಯ ಮೂಲೆಯ ಅಂಕಿಯನ್ನು ನಂಬಿದರೆ, ಅವಳು ಮೇಜಿನ ಮೇಲೆ ಅಪ್ಪನ ಅಂಗಡಿಯ ಆರು ಗುಂಡಿಗಳನ್ನೇ ಸರಿಸುತ್ತಿದ್ದಳು.

ಹಾಗಿದ್ದೂ ಒಂದು ದಿನ ಕೈ ತಪ್ಪಿತು. ಲೆಕ್ಕಕ್ಕಿಲ್ಲದ ವೈಡ್ ಚೆಂಡಿಗೂ ಗುಂಡಿ ಸರಿಸಿದ್ದಳು. ಓವರಿನಲ್ಲಿ ಇನ್ನೂ ಒಂದು ಚೆಂಡಿರುವಾಗಲೇ ಬಟನ್ ಒತ್ತಿದಳು. ಜನ ಸೋಪಿನ ನೊರೆ ನೋಡುತ್ತಿದ್ದಾಗ ಅಲ್ಲಿ ಸ್ಟಂಪು ಎಗರಿತು. ಜಾಹೀರಾತು ಮುಗಿಯುವ ಹೊತ್ತಿಗೆ ಆ ಬ್ಯಾಟುಗಾರ ಗ್ಲೌಸು ಬಿಚ್ಚುತ್ತಾ ಹೊರಗೆ ನಡೆಯುತ್ತಿದ್ದ. ಕೋಣೆಯ ಫೋನುಗಳೆಲ್ಲ ಒಟ್ಟಿಗೇ ಬಡಿದುಕೊಂಡವು. ಮೇಲಧಿಕಾರಿ ಬಾಯಿಗೆ ಬಂದಂತೆ ಬೈದ. ಅವಳು ಮೆಟ್ಟಿಲ ಮೇಲೆ ಕೂತು ಅತ್ತು, ಅಂಗಡಿಗೆ ಫೋನು ಮಾಡಿದಳು.

"ಹೋಗ್ಲಿ ಬಿಡು ಮಗಳೇ," ಎಂದರು ಅಪ್ಪ. "ನೀನೊಂದು ವಿಕೆಟ್ ನುಂಗ್ದೆ, ನಾನೊಂದು ತೋಳು ಮುಗಿಸ್ದೆ. ಲುಕ್ಸಾನು ಯಾರಿಗೆ?"

ಆ ಒಂದು ಮಾತಿನ ಬಲದ ಮೇಲೆ ಅವಳು ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತಳು. ಮತ್ತೆಂದೂ ಒಂದು ಚೆಂಡನ್ನೂ ನುಂಗಲಿಲ್ಲ.

ಈಗ ಅಪ್ಪ ಅವಳ ಮನೆಯಲ್ಲೇ ಇದ್ದಾರೆ, ಮಶೀನೂ ಇದೆ. ಆರು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಾಯಿ ಒಂದಿಷ್ಟು ಸೊಟ್ಟಗಾಯಿತು, ಬಲಗೈ ಸೋತಿತು. ಕಾಲು ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು, ಅಪ್ಪನೊಬ್ಬರನ್ನು ಬಿಟ್ಟು. ವ್ಯಾಯಾಮ ಮಾಡಿಸಲು ಬರುವಾಕೆ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿದರೆ, ಅಪ್ಪ, "ಹಿಸುಕಿ ಏನಾಗ್ಬೇಕಮ್ಮ, ಬೌಲಿಂಗ್ ಮಾಡ್ಲಾ?" ಎಂದು ಎಡಗೈಯಿಂದ ಎಸೆದೇಬಿಟ್ಟರು. ಆಕೆ ಹೋಗುವಾಗ ಮಗಳನ್ನು ಬಾಗಿಲಿಗೆ ಕರೆದು, "ಅವ್ರಿಗೆ ಅಭ್ಯಾಸ ಇರೋ ಕೆಲ್ಸ ಏನಾದ್ರೂ ಕೈಗೆ ಕೊಡಿ. ಇನ್ನು ಮೂರ್ನಾಲ್ಕು ತಿಂಗ್ಳು ಹೀಗೇ ಬಿಟ್ರೆ ಆ ಬೆರಳು ಹಾಗೇ ಉಳ್ಕೊಂಡ್ಬಿಡುತ್ತೆ," ಅಂದಿದ್ದಳು. ಮಶೀನಿನ ಹತ್ತಿರ ಕರೆದರೆ ಅಪ್ಪ, "ಆಗಲ್ಲ," ಎಂದು ಟಿವಿಯ ಕಡೆ ತಿರುಗುತ್ತಿದ್ದರು. ಅದರ ಮೇಲೆ ಇಸ್ತ್ರಿಗೆ ಹೋಗುವ ಬಟ್ಟೆ ಗುಡ್ಡೆ ಬಿದ್ದಿತ್ತು. ಅಂಗಡಿಯ ತುಂಬ ಸದ್ದು ಮಾಡುತ್ತಿದ್ದ ಆ ಮಶೀನನ್ನು ಹಾಗೆ ನೋಡಿದರೆ ಅವಳಿಗೆ ಸಂಕಟವಾಗುತ್ತಿತ್ತು.

ಮೊಮ್ಮಗ ತಾತನ ಹುಟ್ಟುಹಬ್ಬಕ್ಕೆ ಟಿವಿಗೆ ಹೆಚ್ಚಿನ ಚಂದಾ ಕಟ್ಟಿ ಉಡುಗೊರೆ ಕೊಟ್ಟಿದ್ದ. "ತಾತ, ಇನ್ಮೇಲೆ ಮ್ಯಾಚಲ್ಲಿ ಒಂದೇ ಒಂದು ಜಾಹೀರಾತೂ ಬರಲ್ಲ!" ನಿಜಕ್ಕೂ ಬರಲಿಲ್ಲ. ಓವರು ಮುಗಿದ ಮೇಲೆ ಪರದೆಯಲ್ಲಿ ಖಾಲಿ ಮೈದಾನ, ಜಾಗ ಬದಲಿಸುವ ಆಟಗಾರರು, ಟೋಪಿ ಸರಿಮಾಡಿಕೊಳ್ಳುವ ಅಂಪೈರು. ಅಪ್ಪ ಎಲ್ಲವನ್ನೂ ಶಿಕ್ಷೆಗೆ ಕೂತವರ ಹಾಗೆ ನೋಡುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಮಡಚುತ್ತಾ ಅಲ್ಲೇ ನೆಲದ ಮೇಲೆ ಕೂತಿದ್ದಳು. ಓವರು ಮುಗಿಯಿತು. ಕುರ್ಚಿಯ ಕೆಳಗೆ ಅಪ್ಪನ ಕಾಲು ಕದಲಿತು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಮುಂದಿನ ಚೆಂಡಿಗೆ ನಿಂತಿತು. ಮುಂದಿನ ಓವರು ಮುಗಿದಾಗ ಮತ್ತೆ ಶುರು. ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಇಷ್ಟು ದಿನ ಕಣ್ಣೆದುರೇ ಇದ್ದುದನ್ನು ತಾನು ನೋಡಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಎದ್ದು ಮಶೀನಿನ ಮೇಲಿನ ಬಟ್ಟೆ ತೆಗೆದು, ಅದನ್ನು ಅಪ್ಪನ ಎದುರಿಗೆ ಎಳೆದು ತಂದಳು. ಸೂಜಿಗೆ ದಾರ ಪೋಣಿಸಿ, ಹರಿದ ದಿಂಬಿನ ಕವರನ್ನು ಅದರಡಿ ಇಟ್ಟಳು. ಆರನೆಯ ಚೆಂಡು ಬಿದ್ದದ್ದೇ ರಿಮೋಟ್ ಒತ್ತಿದಳು. ಟಿವಿ ಕಪ್ಪಾಯಿತು.

"ಓವರ್!"

"ಏನೇ ಇದು?"

"ಬ್ರೇಕ್ ಅಪ್ಪ. ನಲವತ್ತು ಸೆಕೆಂಡು. ದಿಂಬಿನ ಒಂದು ಪಕ್ಕ."

ಅಪ್ಪ ಅವಳ ಮುಖವನ್ನೇ ನೋಡಿದರು. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ಚಕ್ರದ ಮೇಲಿಟ್ಟರು. ಬೆರಳು ಜಾರಿತು, ಚಕ್ರ ಹಿಂದಕ್ಕೆ ತಿರುಗಿತು, ದಾರ ಪಟಕ್ಕೆಂದು ತುಂಡಾಯಿತು. "ನೋಡ್ದ್ಯಾ? ಆಗಲ್ಲ ಅಂದ್ನಲ್ಲ." ಅಷ್ಟರಲ್ಲಿ ಹೊತ್ತಾಯಿತು, ಅವಳು ಟಿವಿ ಹಾಕಿದಳು. ಕನಿಕರವನ್ನೇನೂ ತೋರಿಸಲಿಲ್ಲ. ತೋರಿಸಿದ್ದರೆ ಅಪ್ಪ ಎದ್ದು ಹೋಗುತ್ತಿದ್ದರು.

ಎರಡನೆಯ ಬ್ರೇಕಿಗೆ ನಾಲ್ಕು ಹೊಲಿಗೆ ಬಿದ್ದವು, ನಾಲ್ಕೂ ಸೊಟ್ಟ. "ನನ್ ಬಾಯಿ ಥರಾನೇ ಇದೆ," ಎಂದು ಅಪ್ಪ ಮುಖ ಸಿಂಡರಿಸಿದರು. ಆದರೆ ಮೂರನೆಯ ಓವರಿನ ಐದನೆಯ ಚೆಂಡಿಗೇ ಅವರ ಕೈ ಚಕ್ರದ ಮೇಲಿತ್ತು.

ಆ ಸಲ ಮಶೀನು ಓಡಿತು. ಮೊದಲು ತಡವರಿಸಿ, ಆಮೇಲೆ ಹಳೆಯ ಗಡಗಡ. ಬಲಗೈಯ ಬೆರಳುಗಳು ಬಟ್ಟೆಯನ್ನು ಒತ್ತಿ ಹಿಡಿದು ಸೂಜಿಯ ಕಡೆಗೆ ತಳ್ಳುತ್ತಿದ್ದವು. ನಲವತ್ತು ಸೆಕೆಂಡಾಯಿತು. ರಿಮೋಟಿನ ಮೇಲೆ ಅವಳ ಹೆಬ್ಬೆರಳು ಸಿದ್ಧವಾಗಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಸುಮ್ಮನಿರುತ್ತದೆಯೇ? ಅವಳು ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಮುಗೀತಾ?" ಎಂದರು ಅಪ್ಪ, ತಲೆಯೆತ್ತದೆ.

"ಇನ್ನೂ ಇಲ್ಲ ಅಪ್ಪ. ಸೈಕಲ್ಲು ಬರ್ತಾ ಇದೆ."

ಎರಡು ನಿಮಿಷ ಕಳೆಯಿತು. ಮೂರಾಯಿತು. ಪಕ್ಕದ ಮನೆಯಿಂದ ಗೋಡೆ ಬಿರಿಯುವ ಹಾಗೆ ಕೂಗೆದ್ದಿತು. ಕೆಳಗಿನ ಮನೆಯವರೂ ಕೂಗಿದರು. ದೊಡ್ಡ ವಿಕೆಟ್ಟೇ ಬಿದ್ದಿರಬೇಕು. ಅಪ್ಪ ಮಾತ್ರ ಕವರಿನ ತುದಿಯವರೆಗೂ ಹೊಲಿದು, ಕಾಲು ನಿಲ್ಲಿಸಿ, ಮೆಲ್ಲಗೆ ತಲೆಯೆತ್ತಿದರು.

"ಯಾರು ಔಟಾದ್ರು?"

"ಗೊತ್ತಿಲ್ಲ ಅಪ್ಪ. ಬ್ರೇಕ್ ಇತ್ತಲ್ಲ."

ಅಪ್ಪ ಕಪ್ಪು ಟಿವಿಯನ್ನು ನೋಡಿದರು, ಅವಳ ಬೆನ್ನ ಹಿಂದಿನ ಕೈಯನ್ನು ನೋಡಿದರು. ಸೊಟ್ಟ ಬಾಯಿಯ ತುಂಬ ನಕ್ಕರು.

"ಮತ್ತೆ ನುಂಗಿದ್ಯಲ್ಲೇ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಟಿವಿ ಹಾಕಲು ರಿಮೋಟ್ ಎತ್ತಿದಳು. ಅಪ್ಪ ಕವರನ್ನು ತಿರುಗಿಸಿಟ್ಟು, ಬಲಗೈಯನ್ನು ಚಕ್ರದ ಮೇಲಿಟ್ಟರು. ಈ ಸಲ ಎಡಗೈಯ ಸಹಾಯ ಬೇಕಾಗಲಿಲ್ಲ.

"ಇರು, ಇನ್ನೊಂದು ಜಾಹೀರಾತು ಬಿಡು," ಎಂದರು. "ಈ ಪಕ್ಕ ಬಾಕಿ ಇದೆ."