ತಿದ್ದಿದ ವಿಳಾಸ

ಬಾಗಿಲು ತಟ್ಟುವ ಸೌಜನ್ಯವೂ ಆ ದರಿದ್ರದವರಿಗಿರಲಿಲ್ಲ. ಬೆಳಗ್ಗೆ ಹತ್ತೂವರೆಗೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯ ಬಾಗಿಲನ್ನು ಒದ್ದು ಐವರು ಸಮವಸ್ತ್ರದವರು ನುಗ್ಗಿದರು. ತಡೆಯಹೋದ ಕಾವಲುಗಾರನ ಹಣೆಗೆ ಬಂದೂಕಿನ ಹಿಂಬದಿಯಿಂದ ಹೊಡೆದರು. ಅವನು ಪ್ರಿಂಟರ್ ಮೇಲೆ ಬಿದ್ದ. ಕಾಗದವೆಲ್ಲ ರಕ್ತವಾಯಿತು.

"ಎರಡಕ್ಷರ ಯಾರ ಹತ್ರ ಇದೆ?" ಎಂದ ಅವರ ಮುಖ್ಯಸ್ಥ. ಹೆಸರು ಹೇಳಲಿಲ್ಲ. ಮುಖದಲ್ಲಿ ಮೀಸೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಹಾಗಾಗಿ ನನಗವನು ಮೀಸೆ.

ಇಂಟರ್‌ನೆಟ್ಟಿನಲ್ಲಿ ನಮ್ಮ ದೇಶದ ಹೆಸರುಗಳ ಕೊನೆಗೆ, ಚುಕ್ಕಿಯಾದ ಮೇಲೆ ಬರುವ ಎರಡಕ್ಷರ ನನ್ನ ತಮ್ಮನ ಸುಪರ್ದಿಯಲ್ಲಿತ್ತು. ಅದು ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಅವನು ಸಮುದ್ರದಾಚೆಯ ಒಂದು ಪುಟ್ಟ ಕಚೇರಿಗೆ ಮೇಲ್ ಬರೆದು, "ನಾನು ನೋಡ್ಕೋತೀನಿ" ಎಂದಿದ್ದ. ಅವರು "ಸರಿ, ನೋಡ್ಕೋ" ಎಂದಿದ್ದರು. ಸಹಿಯಿಲ್ಲ, ಮೊಹರಿಲ್ಲ. ಅವನ ಜೊತೆ ನನ್ನ ಹೆಸರನ್ನೂ ಬರೆದುಕೊಂಡಿದ್ದರು. ಇನ್ನೊಬ್ಬರಿಗೆ ಕೊಡಬೇಕಾದರೆ ನಮ್ಮಿಬ್ಬರಲ್ಲಿ ಒಬ್ಬರು ಒಪ್ಪಿ ಬರೆಯಬೇಕು, ಅದೊಂದೇ ಕಟ್ಟಳೆ. ಎಂಟು ವರ್ಷ ಕಳೆದ ಮೇಲೆ ಸರ್ಕಾರಕ್ಕೆ ಅದರ ಬೆಲೆ ತಿಳಿದಿತ್ತು.

ಆ ಎರಡಕ್ಷರ ಹಚ್ಚಿ ತಮ್ಮ ಜಾಲತಾಣಕ್ಕೊಂದು ಹೆಸರು ಕೇಳಿದವರ ಮನೆ ವಿಳಾಸ ಬರೆದಿಡುವುದು ನನ್ನ ಕೆಲಸ. ನಾನೋ, ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು. ಸುಳ್ಳು ವಿಳಾಸ ಕಂಡರೆ ಮೈ ಉರಿಯುತ್ತದೆ. ಸರ್ಕಾರವನ್ನು ದಿನವೂ ಬಯ್ಯುವ ಪತ್ರಿಕೆಯವಳು ಮುಚ್ಚಿಹೋದ ಟಾಕೀಸಿನ ವಿಳಾಸ ಕೊಟ್ಟಿದ್ದಳು. "ಹೋಗ್ಲಿ ಬಿಡಕ್ಕ, ಅವಳ ಕಷ್ಟ ಅವಳಿಗೆ" ಎಂದಿದ್ದ ತಮ್ಮ. ನಾನು ಬಿಡುತ್ತೇನೆಯೇ! ಅವನಿಗೆ ಹೇಳದೆ ಫೋನು ಮಾಡಿ, ಹೆಸರು ಕಿತ್ತುಹಾಕುತ್ತೇನೆಂದು ಹೆದರಿಸಿ, ನಿಜವಾದ ಮನೆ ನಂಬರ್ ಬಾಯಿ ಬಿಡಿಸಿ ತಿದ್ದಿದ್ದೆ.

"ಸರ್ಕಾರಕ್ಕೆ ಒಪ್ಪಿಸಿದೀನಿ ಅಂತ ಬರಿ," ಎಂದ ಮೀಸೆ ತಮ್ಮನಿಗೆ.

"ಬರೆಯಲ್ಲ," ಎಂದ ತಮ್ಮ. "ಬರೆದ್ರೆ ಬೇಡದ ಪತ್ರಿಕೆ ಮುಚ್ಚಿಸ್ತೀರಿ, ವಿಳಾಸದ ಪಟ್ಟಿ ಪೂರ್ತಿ ನಿಮ್ಮ ಕೈಗೆ ಬರುತ್ತೆ. ಇದೇನು ನಿಮ್ಮಪ್ಪನ ಮನೆ ಆಸ್ತೀನಾ?"

ಇಬ್ಬರು ಅವನ ಬಲಗೈಯನ್ನು ಮೇಜಿನ ಡ್ರಾಯರಿನೊಳಗೆ ತುರುಕಿದರು. ಮೀಸೆ ಡ್ರಾಯರನ್ನು ಒದ್ದು ಮುಚ್ಚಿದ. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು.

"ನಿಮ್ಮ ಕೈ ಸೇದ್ಹೋಗಾ!" ಎಂದು ಕಿರುಚಿ ಒಬ್ಬನ ಮಣಿಕಟ್ಟು ಕಚ್ಚಿದೆ. ಅವನು ಮುಖಕ್ಕೆ ಗುದ್ದಿದ. ಮುಂದಿನ ಹಲ್ಲು ನಾಲಿಗೆಯ ಮೇಲೆ ಬಂತು.

"ಬರೀತೀಯಾ?"

"ಇಲ್ಲ."

ಎಡಗೈಗೂ ಅದೇ ಆಯಿತು. ಆಮೇಲೆ ಮೀಸೆ ಪಿಸ್ತೂಲನ್ನು ಅವನ ಹಣೆಗೆ ಒತ್ತಿ, ನನ್ನ ಕಡೆ ತಿರುಗಿದ. "ಕೈ ಹೋಯ್ತು, ಇವನಿನ್ನು ಬರೆಯಕ್ಕಾಗಲ್ಲ. ನೀವು ಬರೀತೀರೋ, ಇವನನ್ನ ಮುಗಿಸ್ಲೋ?"

ತಮ್ಮ ಬೇಡವೆಂದು ತಲೆಯಾಡಿಸಿದ.

"ಎರಡಕ್ಷರಕ್ಕೆ ಸಾಯ್ತೀಯೇನೋ, ಮುಠ್ಠಾಳ!" ಎಂದು ಅರಚಿದೆ. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ಮಗು ಅವನು. ಪತ್ರಿಕೆ ಮುಚ್ಚಿದರೆ ಮುಚ್ಚಲಿ, ಲೋಕವೇ ಹಾಳಾಗಿ ಹೋಗಲಿ ಅನ್ನಿಸಿತು. ಬಾಯಿಯ ರಕ್ತ ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿರುವಾಗಲೇ ಒಪ್ಪಿಗೆ ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಆಚೆಯಿಂದ "ಸರಿ" ಬಂತು. ಅಷ್ಟರಲ್ಲಿ ತಮ್ಮ ಪ್ರಜ್ಞೆ ತಪ್ಪಿದ್ದ.

ಮೀಸೆ ಪಟ್ಟಿಯನ್ನು ಪ್ರಿಂಟ್ ಮಾಡಿಸಿ, ಸಾಲಿನ ಮೇಲೆ ಬೆರಳಿಟ್ಟು ಓದಿದ. "ಭೇಷ್ ಅಮ್ಮ! ನಮ್ಮ ಕಚೇರೀಲೂ ಇಷ್ಟು ಅಚ್ಚುಕಟ್ಟಾಗಿ ಬರೆದಿಡೋರಿಲ್ಲ." ಬೆರಳು ಪತ್ರಿಕೆಯವಳ ಸಾಲಿನಲ್ಲಿ ನಿಂತಿತು.

ಅದನ್ನು ತಿದ್ದಿದ್ದು ಆಗ ನೆನಪಾಯಿತು. "ಆ ವಿಳಾಸ ಸುಳ್ಳು!" ಎಂದೆ.

"'ಖುದ್ದಾಗಿ ವಿಚಾರಿಸಿ ತಿದ್ದಿದೆ' ಅಂತ ನೀವೇ ಪಕ್ಕದಲ್ಲಿ ಬರೆದಿದೀರಲ್ಲಮ್ಮ," ಎಂದು ನಕ್ಕು, ಹಾಳೆ ಮಡಚಿ ಜೇಬಿಗಿಟ್ಟುಕೊಂಡ.

ಮರುದಿನ ಆಸ್ಪತ್ರೆಯಲ್ಲಿ ತಮ್ಮನಿಗೆ ಹಾಲು ಕುಡಿಸುತ್ತಿದ್ದೆ. ತಲೆಗೆ ಪಟ್ಟಿ ಸುತ್ತಿಕೊಂಡ ಕಾವಲುಗಾರ ಬಂದು ನನ್ನನ್ನು ಬಾಗಿಲ ಬಳಿ ಕರೆದ. ಪತ್ರಿಕೆಯವಳನ್ನು ಮೆಟ್ಟಿಲ ಮೇಲೆ ಕೂದಲು ಹಿಡಿದು ಎಳೆದು ತಂದು, ಬೀದಿಯಲ್ಲೇ ಗುಂಡಿಕ್ಕಿದರಂತೆ. ಅವಳ ಚಪ್ಪಲಿ ಇನ್ನೂ ಮೆಟ್ಟಿಲ ಮೇಲೇ ಇದೆಯಂತೆ.

ವಾಪಸು ಬಂದು ಕೂತೆ. ತಮ್ಮನ ಎರಡೂ ಕೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದ್ದವು.

"ನಿನ್ನ ಮೇಲೆ ಕೋಪ ಇಲ್ಲ ಅಕ್ಕ," ಎಂದ. "ಸದ್ಯ, ಅವಳದ್ದು ಟಾಕೀಸಿನ ವಿಳಾಸ. ಆವತ್ತು ನೀನು ನನ್ನ ಮಾತು ಕೇಳಿ ಸುಮ್ಮನಾಗಿದ್ದೇ ಪುಣ್ಯ."

ಲೋಟವನ್ನು ಅವನ ತುಟಿಗೆ ಹಿಡಿದೆ.

"ಹೂಂ ಕಣೋ," ಎಂದೆ. "ಬಾಯಿ ತೆಗಿ, ಹಾಲು ಆರಿಹೋಗುತ್ತೆ."