ತಿರುಗುತ್ತಿದ್ದ ಕುರ್ಚಿ

ಸಾಸಿವೆ ಸಿಡಿಯಿತು, ಒಂದು ಕಾಳು ಮುಂಗೈಗೇ ಬಿತ್ತು, ಚುರ್ ಅಂತು, ಬೀಳಲಿ — ಪಡಸಾಲೆಯಲ್ಲಿ ನಗುತ್ತಿದ್ದಾರೆ, ಖಾನಾಪುರದ ನಮ್ಮ ಮನೆಯಲ್ಲಿ ಇಷ್ಟು ನಗು ಕೇಳಿ ಎಷ್ಟು ಕಾಲವಾಯಿತೋ, ಗಂಡಿನ ತಂದೆಯ ದನಿಯೇ ದೊಡ್ಡದು, ನಿಮ್ಮ ಪೂನಮ್ ತಾನss ವೆಬ್‌ಸೈಟಿನಾಗ ಒಪ್ಪಿಗಿ ಕಳಿಸ್ಯಾಳ್ರಿ, ಲಗ್ನ ಆದಮ್ಯಾಲೆ ಕಂಪ್ಯೂಟರ್ ಕ್ಲಾಸ್ ಕಲಿಸೂದು ಬಿಡ್ತೇನಿ ಅಂತನೂ ಬರದಾಳ, ಭಾಳ ತಿಳಿವಳಿಕಿ ಹುಡುಗಿ — ನಾನೇ? ಒಲ್ಲೆ ಅಂತ ಬರೆಯಲೆಂದೇ ಅಂದು ಬೆಳಗಾವಿಯ ಸೈಬರ್ ಕೆಫೆಯಲ್ಲಿ ಆ ವಧೂವರರ ಪುಟ ತೆರೆದಿದ್ದೆ, ಪಾಸ್‌ವರ್ಡ್ ಕೊಟ್ಟು ಒಳಗೂ ಹೋಗಿದ್ದೆ, ಅಷ್ಟರಲ್ಲಿ ತಮ್ಮ ಅತಿಶಯ ಬಂದ, ಅಕ್ಕಾ, ಹೊತ್ತು ಮುಳುಗಾಕ ಬಂತು, ಇಲ್ಲೇ ಚಿಕ್ಕಮ್ಮ ತನ್ನ ಮನ್ಯಾಗ ತಾಟು ಹಾಕ್ಯಾಳ, ನೀ ನಡಿ, ನಾ ಹಿಂದಿಂದ ಬರ್ತೇನಿ ಅಂದ, ಹೊತ್ತು ಮುಳುಗಿದ ಮೇಲೆ ನಾವು ಜೈನರು ತುತ್ತು ಬಾಯಿಗಿಡುವುದಿಲ್ಲ, ಮೂಲೆಯ ಲಾಗೌಟ್ ಒತ್ತದೆ ಎದ್ದು ಓಡಿದೆ, ಬಾಗಿಲಲ್ಲಿ ತಿರುಗಿ ನೋಡಿದರೆ ನನ್ನ ಕುರ್ಚಿ ಇನ್ನೂ ಗರಗರ ತಿರುಗುತ್ತಿತ್ತು.

ಅದೇ ಬೆಳಿಗ್ಗೆ ಅದನ್ನೇ ಪಾಠ ಮಾಡಿದವಳು ನಾನು, ಥೂ — ವೆಬ್‌ಸೈಟಿನ ಸರ್ವರ್ ನಿಮ್ಮ ಮಾರಿ ನೋಡೂದಿಲ್ರಿ, ಕುಕಿ ಅಂದ್ರ ಅದು ಕಂಪ್ಯೂಟರಿಗೆ ಕೊಡೂ ಗುರುತು, ಸೈಕಲ್ ಸ್ಟ್ಯಾಂಡಿನಾಗ ಕೊಡೂ ಬಿಲ್ಲೆ ಇದ್ದಂಗ, ಬಿಲ್ಲೆ ಯಾರ ಕೈಯಾಗೈತೋ ಸೈಕಲ್ ಅವರದು, ಲಾಗೌಟ್ ಒತ್ತಿದ್ರ ಸೆಶನ್ ಮುಗೀತು, ಆಮ್ಯಾಲೆ ಆ ಬಿಲ್ಲೆ ಯಾತಕ್ಕೂ ಬರೂದಿಲ್ಲ. ಹಿಂದಿನ ಬೆಂಚಿನಿಂದ ಭೀಮಕ್ಕ ಕೇಳಿದಳು, ಮ್ಯಾಡಂ, ಮರತು ಎದ್ದು ಹೋದ್ರ? ಸುಮ್ನ ಬಿಟ್ಟಿದ್ದ ಸೆಶನ್ ತಾನss ಮುಗಿಯೂವಂಗ ಬರೀಬೇಕವಾ ಅಂದಿದ್ದೆ, ಆ ವಧೂವರರ ಸೈಟು ಬರೆದ ಪುಣ್ಯಾತ್ಮ ಅದನ್ನು ಬರೆದಿರಲಿಲ್ಲ, ಅಷ್ಟು ಮರೆವು ಯಾರಿಗಿರ್ತೈತಿ ಅಂತ ನಾನು ನಕ್ಕಿದ್ದೆ ಬೇರೆ. ಈಗ ಒಲೆಯ ಬಳಿ ಬಂದು ಅವ್ವ ನನ್ನ ಸೆರಗು ಎಳೆದು ಸರಿಮಾಡುತ್ತಾಳೆ, ಅವ್ವಾ, ನಾ ಬರದಿಲ್ಲ, ನನ್ನ ಹೆಸರಿನ್ಯಾಗ ಮತ್ತ್ಯಾರೋ ಬರದಾರ, ಹುಚ್ಚಿ, ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತೈತಿ, ಮನಿಗೆ ಕರದು ಒಲ್ಲೆ ಅಂದ್ರ ಮರ್ಯಾದಿ ಉಳೀತೈತೇನು? ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ, ಕುರ್ಚಿ ಖಾಲಿ ಇತ್ತು, ಯಾರು ಕೂತರು, ಯಾರೋ ಗಿರಾಕಿಯೇ, ಗಿರಾಕಿಗೆ ನಾನು ಕ್ಲಾಸ್ ಕಲಿಸುವ ಸುದ್ದಿ ಹೇಗೆ ಗೊತ್ತು — ಅಕ್ಕಾ, ಚಹಾ ತಗೊಂಡು ಬಾ, ಅತಿಶಯ ಕೂಗುತ್ತಾನೆ, ಎಷ್ಟು ಖುಷಿ ಅವನ ದನಿಯಲ್ಲಿ, ಬೀಗರು ಅವನನ್ನು ತಮ್ಮ ಅಂಗಡಿಗೆ ಸೇರಿಸಿಕೊಳ್ಳುತ್ತಾರಂತೆ, ಅಂದು ಹೊತ್ತು ಮುಳುಗಿದರೂ ಅವನು ಉಣ್ಣಲು ಬರಲಿಲ್ಲ, ಅವನ ತಾಟು ಹಾಕಿದ ಹಾಗೇ ಇತ್ತು, ಸಾಸಿವೆ ಸೀದು ಹೊಗೆ ಏಳುತ್ತಿದೆ, ಕುರ್ಚಿ ತಿರುಗುತ್ತಿದೆ, ತಿರುಗುತ್ತಲೇ ಇದೆ, ಒಂದು ಕೈ ಚಾಚಿ ಅದನ್ನು ನಿಲ್ಲಿಸುತ್ತದೆ, ಆ ಕೈಯ ಮಣಿಕಟ್ಟಿನಲ್ಲಿ ನಾನು ಕಟ್ಟಿದ ರಾಖಿ, ಬಣ್ಣ ಬಿಟ್ಟ ಕೆಂಪು ದಾರ —